ಗೊಂಬೆ ಕೇಳಿದ ಗಂಡನ ಹೆಸರು

"ನಿಮ್ಮ ಪತಿಯ ಹೆಸರು ಹೇಳಿ" ಎಂದು ಗೊಂಬೆ ಮೂರನೆಯ ಸಲ ಕೇಳಿತು. ವನದುರ್ಗದ ದೇವಕಮ್ಮ ಸೆರಗನ್ನು ಬಾಯಿಗೆ ಹಿಡಿದು ನೆಲ ನೋಡಿದಳು.

"ಕ್ಷಮಿಸಿ. ಉತ್ತರ ಸಿಗಲಿಲ್ಲ. ಮುಂದಿನವರು ಬನ್ನಿ."

ಶಹಾಪುರದ ಬಸ್ ನಿಲ್ದಾಣದ ಹಿಂದಿರುವ ಆ ಧರ್ಮ ದವಾಖಾನೆಗೆ ಸೊಂಟದೆತ್ತರದ ಬಿಳಿ ರೋಬೋಟ್ ಬಂದು ಒಂದು ತಿಂಗಳಾಗಿತ್ತು. ಹೆಸರು, ಊರು, ವಯಸ್ಸು, ಹೆಂಗಸರಾದರೆ ಗಂಡನ ಹೆಸರು ಕೇಳಿ ಚೀಟಿ ಕೊಡುವುದು ಅದರ ಕೆಲಸ. ಮೊದಲು ಆ ಕೆಲಸ ಮಾಡುತ್ತಿದ್ದ ರಂಗಂಪೇಟೆಯ ದುರ್ಗಾ ಈಗ ಎದುರಿನ ಕಿಟಕಿಯಲ್ಲಿ ಔಷಧ ಕೊಡುತ್ತಾಳೆ. ಜನ ರೋಬೋಟಿಗೆ ಗೊಂಬಿ ಎನ್ನುತ್ತಾರೆ.

ದುರ್ಗಾ ಕೈಯಲ್ಲಿದ್ದ ಮಾತ್ರೆ ಬಿಟ್ಟು, ಕಿಟಕಿ ಸುತ್ತಿ ಹೊರಗೆ ಬರುವಷ್ಟರಲ್ಲಿ ದೇವಕಮ್ಮ ಊದಿದ ಕಾಲನ್ನು ಎಳೆಯುತ್ತ ಬಸ್ಸು ಹತ್ತಿಬಿಟ್ಟಿದ್ದಳು. ಡಾಕ್ಟರನ್ನು ನೋಡಲಿಲ್ಲ. ಗುಳಿಗೆ ಸಿಗಲಿಲ್ಲ.

ಏನು ತಪ್ಪು ಮಾಡಿದ್ದಳು ಆ ತಾಯಿ? ಗಂಡನ ಹೆಸರನ್ನು ಬರಿಯ ಬಾಯಲ್ಲಿ ಆಡಲಿಲ್ಲ, ಅಷ್ಟೆ. ಗಂಡನಿಗೂ ದೇವರಿಗೂ ಒಂದೇ ಹೆಸರಾದ್ದರಿಂದ ದೇವರನ್ನು ಸಹ "ಗುಡ್ಡದಾಗಿನ ಸ್ವಾಮಿ" ಎಂದೇ ಕರೆಯುವವಳು ಆಕೆ. ಆ ಪದ್ಧತಿ ಸರಿಯೋ ತಪ್ಪೋ, ಅದು ಬೇರೆ ಮಾತು. ಕಾಲುನೋವಿಗೂ ಅದಕ್ಕೂ ಏನು ಸಂಬಂಧ?

ಇದನ್ನೆಲ್ಲ ಎರಡು ಮಾರು ದೂರದಲ್ಲಿ ಕೂತು ನೋಡುತ್ತಿದ್ದವನು ಕಾಂತೇಶ. ಹೈದರಾಬಾದಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಯಾದಗಿರಿಯ ಹುಡುಗ. ಗೊಂಬೆಯನ್ನು ಕಳಿಸಿದ್ದೂ ಅವನ ವಿಭಾಗವೇ. ಜನ ಯಂತ್ರದ ಮುಂದೆ ಹೇಗೆ ನಿಲ್ಲುತ್ತಾರೆ, ಏನು ಮಾತಾಡುತ್ತಾರೆ, ಯಾವಾಗ ನಗುತ್ತಾರೆ ಎಂದು ಬರೆದುಕೊಳ್ಳುವುದೇ ಅವನ ಅಧ್ಯಯನ.

ಸುಮ್ಮನೆ ನೋಡುತ್ತ ಕೂತ ಅವನ ಮೇಲೆ ದುರ್ಗಾಳಿಗೆ ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣವೂ ಇತ್ತು. ಒಂದು ತಿಂಗಳಿಂದ ಆ ನೋಟ್‌ಬುಕ್ಕಿನ ಅಂಚಿನ ಮೇಲಿಂದ ಏರಿ ಬರುವ ಕಣ್ಣುಗಳು ಅವಳಿಗೆ ಗೊತ್ತಿದ್ದವು. ಅವಳು ನೋಡಿದೊಡನೆ ಅವು ಹಾಳೆಗೆ ಇಳಿಯುತ್ತಿದ್ದವು. ಅವನ ಕಿವಿ ಮಾತ್ರ ಕೆಂಪಾಗಿ ಉಳಿಯುತ್ತಿತ್ತು. ಮಂಗಳವಾರ ಅವನು ಬರುವ ದಿನ ಎಂದು ಅವಳು ಒಂದೆಳೆ ಮಲ್ಲಿಗೆ ಹೆಚ್ಚು ಮುಡಿಯುತ್ತಿದ್ದಳು. ಈಗ ಆ ಮಲ್ಲಿಗೆಯನ್ನೇ ಕಿತ್ತು ಎಸೆಯಬೇಕೆನಿಸಿತು.

ಸೀದಾ ಹೋಗಿ ನೋಟ್‌ಬುಕ್ ತಿರುಗಿಸಿ ನೋಡಿದಳು. ದೇವಕಮ್ಮನ ಸಾಲಿನ ಎದುರು ಕೆಂಪು ಪೆನ್ನಿನಲ್ಲಿ ಬರೆದಿತ್ತು: ಭಯ. ತಿಳಿವಳಿಕೆ ಕಡಿಮೆ. ಮೇಲೆ, ಅದರ ಮೇಲೆ, ಹಿಂದಿನ ಹಾಳೆಯಲ್ಲಿ, ಎಷ್ಟೋ ಹೆಂಗಸರ ಎದುರು ಅದೇ ಕೆಂಪು.

"ಸುಮ್ಮ ಕುಂತು ಇದನ್ನ ಬರದೀರಿ?"

ನೋಡುವವನು ನಡುವೆ ಬಾಯಿ ಹಾಕಬಾರದು, ಅಧ್ಯಯನದ ನಿಯಮ ಹಾಗಿದೆ ಎಂದು ಕಾಂತೇಶ ಪುಸ್ತಕದ ಕನ್ನಡದಲ್ಲಿ ವಿವರಿಸಿದ. ಶುಕ್ರವಾರ ವರದಿ ಹೋಗಬೇಕು, ಬೇರೆ ಊರುಗಳ ದವಾಖಾನೆಗಳಲ್ಲೂ ಅದನ್ನೇ ಆಧಾರ ಮಾಡಿಕೊಳ್ಳುತ್ತಾರೆ ಎಂದೂ ಹೇಳಿದ.

ಹಾಗಾದರೆ ಈ ಕೆಂಪು ಶಾಯಿ ಊರೂರಿಗೆ ಹೋಗುತ್ತದೆ. ದುರ್ಗಾ ದನಿ ಏರಿಸಲಿಲ್ಲ. ಏರಿಸದ ದನಿಯಲ್ಲೇ ಕೇಳಿದಳು:

"ಸರ, ನಿಮ್ಮವ್ವ ನಿಮ್ಮಪ್ಪನ್ನ ಹೆಸರು ಹಿಡಿದು ಕರೀತಾಳೇನ್ರಿ?"

ಅವನ ಪೆನ್ನು ನಿಂತಿತು.

"ಇಲ್ಲಲ್ಲ? ನಾಳೆ ಅಕಿ ಬಂದು ಇದರ ಮುಂದ ನಿಂತ್ರ, ಅಕಿ ಮುಂದೂ ಇದನ್ನ ಬರೀತೀರಿ. ತಿಳಿವಳಿಕಿ ಯಾರಿಗೆ ಕಡಿಮಿ ಐತಿ, ಅದನ್ನೂ ಬರೀರಿ."

ಹೊರಗೆ ಹೋಗಿ ಮುಖ ತೊಳೆದುಕೊಂಡಳು. ಗುಡ್ಡದಾಗಿನ ಸ್ವಾಮಿಗೆ ಮನಸ್ಸಿನಲ್ಲೇ ಹೇಳಿಕೊಂಡಳು: ಕೇಳುವ ಕಿವಿ ಇಲ್ಲದವನ ಮೇಲೆ ನನಗೆ ಮನಸ್ಸು ಕೊಟ್ಟೆಯಲ್ಲ, ನಿನಗಾದರೂ ಕಿವಿ ಐತೇನು?

ಮುಂದಿನ ಮಂಗಳವಾರ ಕಾಂತೇಶನ ಕುರ್ಚಿ ಖಾಲಿ. ವರದಿ ಕಳಿಸಿ ಊರು ಬಿಟ್ಟ ಎಂದುಕೊಂಡಳು. ಆ ದಿನ ಮಲ್ಲಿಗೆ ಮುಡಿದಿರಲಿಲ್ಲ. ಆದರೂ ಬಾಗಿಲ ಕಡೆ ಎಷ್ಟು ಸಲ ನೋಡಿದಳೋ.

ಹನ್ನೊಂದಕ್ಕೆ ವನದುರ್ಗದ ಬಸ್ಸು ಬಂತು. ದೇವಕಮ್ಮ ಇಳಿದಳು. ಅವಳ ಹಿಂದೆ, ಅವಳ ಕೈಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಕಾಂತೇಶ.

ಎರಡು ದಿನ ಆಕೆಯ ಮನೆಯ ಕಟ್ಟೆಯ ಮೇಲೆ ಕೂತು ಬಂದಿದ್ದನಂತೆ. ಮೊದಲ ದಿನ ಆಕೆ ಮಾತೇ ಆಡಲಿಲ್ಲ. ಎರಡನೆಯ ದಿನ ಅವನು ಪೆನ್ನು ಜೇಬಿಗಿಟ್ಟ ಮೇಲೆ ಮಾತು ಶುರುವಾಯಿತು. ವರದಿ ಏನಾಯಿತೆಂದು ಹೈದರಾಬಾದಿನ ಮೇಲಿನವರು ಫೋನಿನಲ್ಲಿ ಬೈದರು, ನೀನೇ ನಡುವೆ ಬಿದ್ದರೆ ಅಧ್ಯಯನ ಕೆಡುತ್ತದೆ ಎಂದರು. ಕೆಡಲಿ ಎಂದನಂತೆ.

ದೇವಕಮ್ಮ ಗೊಂಬೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಡ್ಡಗಟ್ಟಿ ಹೆಸರು ಕೇಳಾಕ ಇದೇನು ನನ್ನ ನಾದಿನಿಯೇನು?"

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಮದುವೆಯಲ್ಲಿ ಹೊಸಿಲಿಗೆ ಅಡ್ಡ ನಿಂತು ನಾದಿನಿಯರು ಗಂಡನ ಹೆಸರು ಕೇಳುತ್ತಾರೆ; ಮದುಮಗಳು ಆ ಹೆಸರನ್ನು ಒಡಪಿನ ಪ್ರಾಸದ ಸಾಲಿನಲ್ಲಿ ಸುತ್ತಿ ಹೇಳಿದರೇ ಒಳಗೆ ಬಿಡುವುದು. ದೇವಕಮ್ಮ ಸೆರಗು ಸರಿಮಾಡಿಕೊಂಡು ರಾಗವಾಗಿ ಹೇಳಿದಳು:

"ಕೋಟೆ ಮ್ಯಾಲಿನ ಕಲ್ಲು ಮಳಿಗೆ ಕರಗಲಿಲ್ಲ,
ಮುವ್ವತ್ತು ವರ್ಷ ಜಗಳಾಡಿದ್ರೂ ಮಾತು ಬಿಟ್ಟಿಲ್ಲ,
ಮಹಾದೇವಪ್ಪನವರು ಉಣ್ಣದ ನಾ ತುತ್ತು ಮುಟ್ಟಿಲ್ಲ."

ಗೊಂಬೆಗೆ ಒಂದೂ ತಿಳಿಯಲಿಲ್ಲ. ಚೀಟಿಯನ್ನು ಕಾಂತೇಶನೇ ಕೈಯಾರೆ ಬರೆದುಕೊಟ್ಟ. ದೇವಕಮ್ಮನಿಗೆ ಗುಳಿಗೆ ಎಣಿಸಿ ಕೊಡುವಾಗ ದುರ್ಗಾಳ ಕಣ್ಣು ಮಂಜಾಗಿ ಎರಡು ಸಲ ಎಣಿಸಬೇಕಾಯಿತು. ಅವನ ಜೊತೆ ಮಾತ್ರ ಒಂದು ಮಾತೂ ಆಡಲಿಲ್ಲ. ಕೆಂಪು ಶಾಯಿ ಅಷ್ಟು ಬೇಗ ಹೋಗುವುದಲ್ಲ.

ಎಂಟು ದಿನ ಗೊಂಬೆ ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತಿತು. ದುರ್ಗಾ ಹಳೆಯ ಕಿಟಕಿಯಲ್ಲಿ ಕೂತು ಚೀಟಿ ಬರೆದಳು. ಆಮೇಲೊಂದು ಮಧ್ಯಾಹ್ನ, ದವಾಖಾನೆ ಖಾಲಿಯಾದಾಗ, ಕಾಂತೇಶ ಅವಳ ಮುಂದೆ ನೋಟ್‌ಬುಕ್ ತೆರೆದಿಟ್ಟ. ಕೆಂಪು ಸಾಲುಗಳ ಕೆಳಗೆಲ್ಲ ನೀಲಿಯಲ್ಲಿ ಬರೆದಿತ್ತು: ಪ್ರಶ್ನೆಯೇ ತಪ್ಪು. ಹಳೆಯದನ್ನು ಹೊಡೆದು ಹಾಕಿರಲಿಲ್ಲ. ತಾನು ತಪ್ಪು ಮಾಡಿದ್ದೂ ವರದಿಯಲ್ಲಿ ಇರಲಿ ಎಂದ.

ಗೊಂಬೆ ಕೇಳುವ ರೀತಿಯನ್ನೂ ಬದಲಿಸಿದ್ದ. ಹೆಸರು ಹೇಳಲು ಮನಸ್ಸಿಲ್ಲದವರು ರೇಷನ್ ಕಾರ್ಡ್ ತೋರಿಸಿದರೆ ಸಾಕು. ಒಡಪು ಹೇಳಿದರೆ ಕೊನೆಯವರೆಗೆ ಕೇಳಿ ಹೆಸರು ಹುಡುಕಿಕೊಳ್ಳುತ್ತದೆ.

"ಟೆಸ್ಟ್ ಮಾಡಬೇಕಾಗೈತ್ರಿ. ಯಾವ ಹೆಸರಾದ್ರೂ ನಡೀತದ." ಮೊದಲ ಸಲ ಅವನು ಯಾದಗಿರಿಯ ಮಾತಿನಲ್ಲಿ ಆಡಿದ.

ದುರ್ಗಾ ಗೊಂಬೆಯ ಮುಂದೆ ನಿಂತಳು. ಅದು ಕೇಳಿತು. ಅವಳು ಅದರ ದುಂಡು ಕಣ್ಣುಗಳನ್ನು ನೋಡುತ್ತಲೇ, ಕಾಂತೇಶನ ಕಡೆ ತಿರುಗದೆ, ಹೇಳಿದಳು:

"ಮಲ್ಲಿಗಿ ಮಾಲಿಗೆ ಎಳಿ ದಾರ ಬೇಕು,
ನನ್ನ ಸಿಟ್ಟಿಗೊಂದು ತಕ್ಕ ಕಾರಣ ಬೇಕು,
ಪೆನ್ನು ಕೆಳಗಿಟ್ಟು ಕೇಳುವ ಕಾಂತೇಶರೇ ಬೇಕು."

ಗೊಂಬೆ ಒಂದು ಕ್ಷಣ ತಡೆಯಿತು. "ಧನ್ಯವಾದಗಳು. ಪತಿಯ ಹೆಸರು ಕಾಂತೇಶ. ಸರಿಯೇ?"

ಉತ್ತರ ಹೇಳಬೇಕಾದವಳು ಅವಳು. ಗೊಂಬೆ ಎರಡನೆಯ ಸಲ ಕೇಳಿತು. ನೋಡುವವನು ನಡುವೆ ಬಾಯಿ ಹಾಕಬಾರದಿತ್ತು.

"ಸರಿ ಐತಿ" ಎಂದು ಕಾಂತೇಶ ಗೊಂಬೆಗೆ ಹೇಳಿದ. ಅವನ ಕಿವಿ ಕೆಂಪಾಗಿತ್ತು.

ದುರ್ಗಾ ಆಗ ತಿರುಗಿದಳು. ಹದಿನೈದು ದಿನದ ಸಿಟ್ಟಿನ ಕೊನೆಯ ಎಳೆ ಅವಳ ಹುಬ್ಬಿನಲ್ಲಿ ಇನ್ನೂ ಇತ್ತು.

"ಅದಕ್ಕ ಯಾಕ ಹೇಳ್ತೀರಿ?" ಎಂದಳು. "ಬೇಕಂದಾಕಿ ನಾನು. ನನ್ನ ಮುಂದ ಹೇಳ್ರಿ."