ಕಣ್ಣಲ್ಲಿ ಕದ್ದ ಕೊನೆಯ ಅಧ್ಯಾಯ

"ಗದ್ದ ಇಲ್ಲಿಡಿ. ಹಣೆ ಪಟ್ಟಿಗೆ ಒತ್ತಿ. ಈಗ ನನ್ನ ಬಲಗಿವಿ ನೋಡಿ."

ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ, ದೀಪ ಆರಿಸಿಕೊಂಡು ಅವಳು ದಿನವೂ ಹತ್ತಾರು ಜನರಿಗೆ ಹೇಳುವ ಮಾತು ಇದು. ಯಂತ್ರದ ಆಚೆ ಕೂತವರು ಅವಳ ಕಿವಿ ನೋಡುತ್ತಾರೆ. ಈಚೆ ಕೂತ ಅವಳು ಅವರ ಕಣ್ಣು ಪರೀಕ್ಷಿಸಿ ಪವರ್ ಬರೆದುಕೊಡುತ್ತಾಳೆ. ಅಲ್ಲಿಗೆ ಮುಗಿಯಿತು.

ಆದರೆ ಇವನು ಕಿವಿ ನೋಡಿದವನೇ ಬೆಚ್ಚಿದ. ಹಣೆ ಪಟ್ಟಿಯಿಂದ ಸರಿಯಿತು.

"ಏನಾಯ್ತು? ಬೆಳಕು ಚುಚ್ತಾ?"

"ಇಲ್ಲ... ನಿಮ್ಮ ಓಲೆ."

ಅವಳ ಕೈ ತಾನಾಗಿ ಕಿವಿಗೆ ಹೋಯಿತು. ಬೂದು ಕಲ್ಲಿನ ಪುಟ್ಟ ಹಕ್ಕಿ, ಒಂದು ರೆಕ್ಕೆ ಮುರಿದದ್ದು. 'ಕಲ್ಲುಹಕ್ಕಿ' ಕಾದಂಬರಿ ಸರಣಿ ಓದಿದವರಿಗಷ್ಟೇ ಅದರ ಅರ್ಥ ಗೊತ್ತು.

"ನೀವೂ ಓದ್ತೀರಾ?" ಸಂಭ್ರಮ ಅಡಗಿಸಲಾಗದೆ ಕೇಳಿದಳು.

"ಓದೋದೇ ನನ್ನ ಕೆಲಸ. ಏಳನೇ ಸಂಪುಟದ ಪ್ರೂಫು..." ಎಂದವನು ನಾಲಿಗೆ ಕಚ್ಚಿಕೊಂಡ. "ನಾನೇನೂ ಹೇಳ್ಲಿಲ್ಲ, ನೀವೇನೂ ಕೇಳಿಸ್ಕೊಳ್ಳಲಿಲ್ಲ. ಸರೀನಾ?"

ಸರಿ ಎಂದಳು. ಎದೆ ಮಾತ್ರ ಸರಿ ಎನ್ನಲಿಲ್ಲ.

ಒಂಬತ್ತು ಕೋಟೆ, ಒಂದು ನದಿ, ಒಬ್ಬಳು ಕಿರಿಯ ರಾಣಿ. ಮೊದಲ ಸಂಪುಟದಲ್ಲಿ ಅವಳನ್ನು ಹೊಳೆ ದಾಟಿಸಿದ ಅಂಬಿಗ ನಾಲ್ಕನೆಯದರಲ್ಲಿ ಪ್ರವಾಹಕ್ಕೆ ಸಿಕ್ಕಿ ಕಾಣೆಯಾಗಿದ್ದ. ಆರು ಸಂಪುಟ ಬಂದಿದ್ದವು. ಏಳನೆಯದು ಕೊನೆಯದು. ಯಾರು ಬದುಕುತ್ತಾರೆ, ಯಾರು ಯಾರನ್ನು ಸೇರುತ್ತಾರೆ ಎಂದು ಊಹಿಸುವುದೇ ಓದುಗರಿಗೆ ಗೀಳಾಗಿತ್ತು. ತಮ್ಮ ಮದುವೆಯ ಯೋಚನೆಯೇ ಇಲ್ಲದವರೂ ರಾಣಿಯ ಮದುವೆಗಾಗಿ ನಿದ್ದೆಗೆಡುತ್ತಿದ್ದರು.

ಅಂಥವರಿಗೆಲ್ಲ ನಮ್ಮ ನಾಯಕಿ 'ಗೂಬೆಕ್ಕ'. ಅಡುಗೆಮನೆಯ ಮೇಜಿನ ಮುಂದೆ ಕೂತು ತನ್ನ ಥಿಯರಿಗಳನ್ನು ವಿಡಿಯೋ ಮಾಡುತ್ತಿದ್ದಳು. ಮುಖ ತೋರಿಸುತ್ತಿರಲಿಲ್ಲ. ಕೈಗಳು, ಬಲಗಿವಿ, ಅದರಲ್ಲಿ ತೂಗುವ ಕಲ್ಲುಹಕ್ಕಿ, ಅಷ್ಟೇ. ಇಷ್ಟು ದೊಡ್ಡವಳಾಗಿ ಇಲ್ಲದ ರಾಣಿಯ ಜಾತಕ ಬರೆಯುತ್ತಾಳೆಂದು ಜನ ನಕ್ಕಾರು ಎಂಬ ನಾಚಿಕೆ.

ನಗುವವನು ಒಬ್ಬನಂತೂ ಇದ್ದ. ಓದುಗರ ಗುಂಪಿನಲ್ಲಿ 'ಪಂಡಿತ' ಎಂದು ಹೆಸರಾದವನು. ಅವಳ ಪ್ರತಿ ವಿಡಿಯೋದ ಕೆಳಗೂ ಅವನದೊಂದು ಕೊಂಕು ಇರುತ್ತಿತ್ತು: 'ಗೂಬೆಗೆ ಹಗಲು ಕಣ್ಣು ಕಾಣಿಸೋದಿಲ್ಲ, ಪಾಪ.'

ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಒಳಗೆ ಮಾತ್ರ ಉರಿಯುತ್ತಿತ್ತು.

ಪ್ರೂಫ್ ನೋಡುವವನ ಕನ್ನಡಕ ಸಿದ್ಧವಾಯಿತು. ಮರುದಿನವೇ ಅವನು ಮತ್ತೆ ಬಂದ, ಕನ್ನಡಕ ಮೂಗಿನಿಂದ ಜಾರುತ್ತಿದೆ ಎಂದು. ಸರಿಮಾಡಿಕೊಟ್ಟಳು. ಎರಡು ದಿನ ಬಿಟ್ಟು ಬಂದ, ಕಿವಿಯ ಹಿಂದೆ ಒತ್ತುತ್ತಿದೆ ಎಂದು. ಮತ್ತೊಂದು ದಿನ ಒರೆಸುವ ಬಟ್ಟೆ ಕಳೆದುಹೋಯಿತಂತೆ.

"ಮುಂದಿನ ವಾರ ಏನು ಕಳ್ಕೊಳ್ಳೋದು ಅಂತ ಯೋಚನೆ ಮಾಡಿದ್ದೀರಾ?" ಅಂದಳು.

"ಕಳ್ಕೊಂಡಾಯ್ತು. ಇನ್ನು ಉಳಿದಿರೋದು ಕನ್ನಡಕ ಒಂದೇ."

ಹಾಗೆ ಶುರುವಾಯಿತು. ಅಂಗಡಿ ಮುಚ್ಚಿದ ಮೇಲೆ ಬಸ್ ನಿಲ್ದಾಣದವರೆಗೆ ಒಟ್ಟಿಗೆ ನಡೆಯುವುದು, ಬಂದ ಬಸ್ಸನ್ನು ಹೋಗಲು ಬಿಟ್ಟು ಮಾತಾಡುವುದು. ಅವನು ಒಂದೇ ಒಂದು ಮಾತು ಕೇಳಿಕೊಂಡಿದ್ದ.

"ಏಳನೇದರ ವಿಷಯ ಒಂದು ಬಿಟ್ಟು ಏನು ಬೇಕಾದ್ರೂ ಕೇಳಿ. ಬರೆದವರು, ಪ್ರಕಾಶಕರನ್ನ ಬಿಟ್ಟರೆ ಕೊನೇ ಅಧ್ಯಾಯ ಓದಿರೋನು ನಾನೊಬ್ಬನೇ. ನಂಬಿಕೆಯಿಂದ ಕೊಟ್ಟಿದ್ದಾರೆ."

"ಯಾವತ್ತೂ ಕೇಳಲ್ಲ," ಎಂದಳು. ಕೇಳಲೂ ಇಲ್ಲ.

ಅವಳು ಮಾಡಿದ್ದೇ ಬೇರೆ.

ತಿಂಗಳ ನಂತರ ಕಣ್ಣುರಿ ಎಂದು ಅವನು ಮತ್ತೆ ಯಂತ್ರದ ಮುಂದೆ ಕೂತ. ಹಿಂದಿನ ಸಂಜೆಯಷ್ಟೇ ಪಂಡಿತ ಅವಳನ್ನು ಇಡೀ ಗುಂಪಿನ ಮುಂದೆ ಗೇಲಿ ಮಾಡಿದ್ದ. ಈಗ ಎದುರಿಗೆ ಕೂತವನ ಕಣ್ಣಿನ ನಡುವಿನ ಕಪ್ಪು ಪಾಪೆ ಯಂತ್ರದಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಬೆಳಕು ಹೆಚ್ಚಿದರೆ ಪಾಪೆ ಕುಗ್ಗುತ್ತದೆ. ಮನಸ್ಸು ಬೆಚ್ಚಿದರೆ ಅಗಲವಾಗುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

'ಬೇಡ ಕಣೇ...' ಎಂದಿತು ಒಳಮನಸ್ಸು. ಬಾಯಿ ಆಗಲೇ ಹರಟೆ ಶುರುಮಾಡಿತ್ತು.

"ಜನ ಏನೇನೋ ಹೇಳ್ತಾರಪ್ಪ. ರಾಣಿ ಸೇನಾಪತೀನ ಮದುವೆ ಆಗ್ತಾಳಂತೆ."

ಪಾಪೆ ಅಲುಗಲಿಲ್ಲ.

"ಕುರುಡು ದೊರೆಗೆ ಕಣ್ಣು ಬರುತ್ತಂತೆ."

ಇಲ್ಲ.

"ಕೋಟೆಗಳೆಲ್ಲ ನೀರಲ್ಲಿ ಮುಳುಗ್ತವಂತೆ."

ಊಹೂಂ. ಅವಳು ಯಂತ್ರ ಸರಿಪಡಿಸಲು ಇನ್ನಷ್ಟು ಮುಂದಕ್ಕೆ ಬಾಗಿದಳು.

"ಅಂಬಿಗ ಸತ್ತಿಲ್ಲಂತೆ. ವಾಪಸ್ ಬರ್ತಾನೆ, ಆದ್ರೆ ರಾಣಿಯ ಗುರುತು ಅವನಿಗಿರಲ್ಲ..."

ಅವನ ನೋಟ ಕಿವಿಯಿಂದ ಒಂದಿಷ್ಟು ಸರಿಯಿತು. ಬೆಳಕು ಅಷ್ಟೇ ಇತ್ತು. ಪಾಪೆ ಮೆಲ್ಲಗೆ, ಪೂರ್ತಿಯಾಗಿ ಅರಳಿತು.

ಅವಳ ಮೈ ಜುಮ್ಮೆಂದಿತು. ಸಿಕ್ಕಿತು!

"ಕಣ್ಣು ಚೆನ್ನಾಗಿದೆ. ಜಾಸ್ತಿ ಓದಬೇಡಿ ಅಷ್ಟೆ," ಎಂದಳು, ಏನೂ ಆಗದವಳಂತೆ.

ಅಂದು ಸಂಜೆಯೇ ವಿಡಿಯೋ ಹೋಯಿತು. 'ಅಂಬಿಗ ಬರ್ತಾನೆ. ಇದು ಬರೀ ಊಹೆ ಅಲ್ಲ, ಪಂಥ ಕಟ್ಟಿ ಹೇಳ್ತೀನಿ. ಪಂಡಿತರೇ, ಬರೆದಿಟ್ಟುಕೊಳ್ಳಿ.' ಹಿಂದಿನ ಸಂಪುಟಗಳಿಂದ ಹೆಕ್ಕಿದ ಸುಳಿವುಗಳನ್ನೂ ಜೋಡಿಸಿದ್ದಳು. ಗುಂಪಿಗೆ ಗುಂಪೇ ಕುಣಿಯಿತು. ಪಂಡಿತ ಮೊದಲ ಬಾರಿಗೆ ಬಾಯಿ ಮುಚ್ಚಿದ. ಆ ಸಂಜೆ ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಆಮೇಲೆ ಪ್ರೂಫ್ ನೋಡುವವನು ಸಂಜೆಗಳಲ್ಲಿ ಬರುವುದು ನಿಂತಿತು. ಫೋನ್ ಎತ್ತಲಿಲ್ಲ.

ಕೊನೆಗೊಂದು ಮಧ್ಯಾಹ್ನ ಅಂಗಡಿಗೆ ಬಂದ. ಮುಖ ಬಾಡಿತ್ತು.

"ಪ್ರಕಾಶಕರು ಒಂದು ವಿಡಿಯೋ ತೋರಿಸಿದ್ರು," ಎಂದ ಮೆಲ್ಲಗೆ. "ಮುಖ ಇರಲಿಲ್ಲ. ಆದ್ರೆ ನನ್ನ ಕನ್ನಡಕ ಸರಿಮಾಡಿದ ಕೈ ನನಗೆ ಗೊತ್ತಾಗಲ್ವಾ? ಆ ಓಲೆ ಗೊತ್ತಾಗಲ್ವಾ?"



"ಕೆಲಸದಿಂದ ತೆಗೆದ್ರು. ಯಾರಿಗೆ ಹೇಳಿದೆ ಅಂತ ಕೇಳಿದ್ರು. ಯಾರಿಗೂ ಇಲ್ಲ ಅಂದೆ. ನಿಮ್ಮ ಹೆಸರು ಎತ್ತಲಿಲ್ಲ." ಅವನು ತಲೆ ತಗ್ಗಿಸಿದ. "ತಪ್ಪು ನನ್ನದೇ. ಆವತ್ತು ಬ್ಯಾಂಕಿಗೆ ಹೋಗುವಾಗ ಪ್ರೂಫ್ ಇದ್ದ ಚೀಲ ನಿಮ್ಮ ಹತ್ರ ಬಿಟ್ಟು ಹೋಗಿದ್ದೆ."

"ನಾನು ಚೀಲ ಮುಟ್ಟಿಲ್ಲ," ಎಂದಳು ಥಟ್ಟನೆ. "ಸತ್ಯವಾಗ್ಲೂ ಮುಟ್ಟಿಲ್ಲ."

"ಮತ್ತೆ ಹೇಗೆ?"

ಹೇಗೆ ಎಂದು ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಚೀಲ ಕದ್ದಿದ್ದರೆ ಹೇಳಿಬಿಡಬಹುದಿತ್ತು. ಇದು ಅದಕ್ಕಿಂತ ಕೀಳು. ಉರಿಯೆಂದು ಬಂದು, ನಂಬಿ ಕಣ್ಣು ತೋರಿಸಿದವನ ಕಣ್ಣಿಗೇ ಕನ್ನ ಹಾಕಿದ್ದೆ ಎಂದು ಯಾವ ಮುಖ ಹೊತ್ತು ಹೇಳುವುದು?

ಅವನು ಕಾದ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಇದನ್ನ ಹಾಕ್ಕೊಂಡ್ರೆ ಎಲ್ಲ ಸ್ಪಷ್ಟವಾಗಿ ಕಾಣುತ್ತೆ ಅಂದಿದ್ರಿ," ಎಂದು ಹೇಳಿ, ಕಣ್ಣು ಕಿರಿದು ಮಾಡಿಕೊಂಡು ಬೀದಿಗೆ ಇಳಿದುಹೋದ.

ಮನೆಯಲ್ಲಿ ಅತ್ತಿಗೆ ಫೋನ್ ಹಿಡಿದು ಕೂತಿದ್ದಳು. ನಾದಿನಿಯ ವಿಡಿಯೋಗಳಿಗೆ ಮೊದಲ ಅಭಿಮಾನಿ ಅವಳೇ.

"ನೋಡೇ, ಪಂಡಿತ ಕ್ಷಮೆ ಕೇಳಿದ್ದಾನೆ! ಏನೇ ಇದು... ಯಾಕೆ ಅಳ್ತಿದ್ದೀಯ?"

ಅತ್ತಿಗೆಯ ಮಡಿಲಲ್ಲಿ ಮುಖವಿಟ್ಟು ಎಲ್ಲವನ್ನೂ ಹೇಳಿದಳು. ಅತ್ತಿಗೆ ಫೋನ್ ಪಕ್ಕಕ್ಕಿಟ್ಟು ಅವಳ ತಲೆ ನೇವರಿಸಿದಳು. ಎರಡು ಮಾತಿಗೊಂದು ಗಾದೆ ಹೇಳುವವಳು ಅವಳು.

"ಬೈಯಿ ಅತ್ತಿಗೆ."

"ಏನಂತ ಬೈಲಿ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲೇ. ಕಣ್ಣು ಕಾಯಬೇಕಾದೋಳು ನೀನು."

"ಅವರಿಗೆ ಹೇಗೆ ಹೇಳ್ಲಿ? ಹೇಳಿದ್ರೆ ನನ್ನ ಮಾನ ಉಳಿಯುತ್ತಾ?"

"ಹೋಗ್ಲಿ ಬಿಡು. ಅವನದ್ದು ಈಗಾಗ್ಲೇ ಹೋಗಿದೆಯಲ್ಲ." ಅತ್ತಿಗೆ ಅವಳ ಕಣ್ಣೊರೆಸಿದಳು. "ನೀನು ಗೂಬೆ, ಸರಿ. ಆದ್ರೆ ಗೂಬೆ ಕೂತಿರೋದು ಅವನ ತಲೆ ಮೇಲೆ. ಇಳಿಸಿ ಬಾ ಹೋಗು."

ಮರುದಿನ ಅವಳು ಪ್ರಕಾಶಕರ ಕಚೇರಿಗೆ ಹೋದಳು. ಪ್ರಕಾಶಕಿ ನಡುವಯಸ್ಸಿನ ಗಟ್ಟಿ ಹೆಂಗಸು. ಮೊದಲು ನಕ್ಕರು.

"ಕಣ್ಣು ನೋಡಿ ಕಥೆ ತಿಳ್ಕೊಂಡ್ರಾ? ಇದಕ್ಕಿಂತ ಒಳ್ಳೆ ಸುಳ್ಳು ಸಿಗಲಿಲ್ವಾ?"

ಅವಳು ತಗ್ಗಿಸಿದ ತಲೆ ಎತ್ತದೆ ಎಲ್ಲವನ್ನೂ ವಿವರಿಸಿದಳು. ಯಂತ್ರ, ಬೆಳಕು, ಒಂದಾದ ಮೇಲೊಂದು ಎಸೆದ ಊಹೆಗಳು, ಅರಳಿದ ಪಾಪೆ.  ಮುಗಿಸಿ ತಲೆಯೆತ್ತಿದಾಗ ಪ್ರಕಾಶಕಿ ಯಾವಾಗಲೋ ತಂಪು ಕನ್ನಡಕ ಹಾಕಿಕೊಂಡು ಕೂತಿದ್ದರು.

"ಅವರು ಒಂದು ಮಾತೂ ಆಡಿಲ್ಲ, ಮೇಡಂ. ನಂಬಿ."

"ನಾನು ನಂಬಿದ್ರೆ ಸಾಕಾ? ಊರಿಗೆಲ್ಲ ಡಂಗುರ ಸಾರಿದ್ದು ನೀವು."

ಆ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಅವಳು ಮೊದಲ ಬಾರಿಗೆ ಕ್ಯಾಮೆರಾ ಮೇಲಕ್ಕೆತ್ತಿದಳು. ಅತ್ತು ಊದಿದ ಮುಖ ಪೂರ್ತಿ ಕಂಡಿತು.

"ನಾನು ಗೂಬೆಕ್ಕ. ಥಿಯರಿಗಳನ್ನೆಲ್ಲ ಅಳಿಸಿದ್ದೀನಿ. ನನ್ನ ಹತ್ರ ನಂಬಿಕೆಯಿಂದ ಕಣ್ಣು ತೋರಿಸಿದವರ ಮುಖ ಓದಿ, ಅದನ್ನ ನನ್ನ ಬುದ್ಧಿ ಅಂತ ಮಾರಿದೆ. ಅವರು ಬಾಯಿ ಬಿಟ್ಟಿಲ್ಲ. ಕಳ್ಳಿ ನಾನು. ಕ್ಷಮಿಸಿ ಅಂತ ಕೇಳೋ ಯೋಗ್ಯತೆ ಕೂಡ ಇಲ್ಲ..."

ಉಗಿದವರು ಉಗಿದರು. ಪಂಡಿತ ಬಂದು ಕುಣಿದ. 'ಇವರ ಅಂಗಡೀಲಿ ಕಣ್ಣು ತೋರಿಸಬೇಡಿ' ಎಂದು ಯಾರೋ ಬರೆದರು. ಅದೇ ಅವಳಿಗೆ ಎಲ್ಲಕ್ಕಿಂತ ನಾಟಿತು, ಏಕೆಂದರೆ ಅದು ನ್ಯಾಯವಾದ ಮಾತಾಗಿತ್ತು. ಅಂಗಡಿಯ ಯಜಮಾನರು ಅವಳನ್ನು ಒಳಕೋಣೆಯಿಂದ ಹೊರಗೆ ಹಾಕಿದರು. "ಸ್ವಲ್ಪ ದಿನ ಫ್ರೇಮು ಒರೆಸ್ಕೊಂಡಿರಮ್ಮ," ಎಂದರು. ಅವಳು ಒರೆಸುವ ಬಟ್ಟೆ ತೆಗೆದುಕೊಂಡಳು.

ಗಾಜಿನ ಬೀರುವಿನಲ್ಲಿ ಅವನ ಕನ್ನಡಕವೂ ಇತ್ತು. ಅದನ್ನು ದಿನವೂ ಒರೆಸಿಡುತ್ತಿದ್ದಳು.

ಒಂದು ಸಂಜೆ, ಗಿರಾಕಿಗಳೆಲ್ಲ ಹೋದ ಮೇಲೆ, ಯಾರೋ ಮೆಟ್ಟಿಲು ತಡವರಿಸುತ್ತ ಹತ್ತಿದರು. ಅವಳ ಕೈಯಲ್ಲಿದ್ದ ಬಟ್ಟೆ ಬಿತ್ತು.

"ಕನ್ನಡಕ ಬಿಟ್ಟು ಹೋಗಿದ್ದೆ," ಎಂದ.

ಬೀರುವಿನಿಂದ ತೆಗೆದು ಕೊಟ್ಟಳು. ಹಾಕಿಕೊಂಡು ಅವಳನ್ನೇ ನೋಡಿದ. ಅವಳು ಮುಖ ಬೇರೆಡೆ ತಿರುಗಿಸಿದಳು.

"ಕಾದಂಬರಿ ಬರೆದವರೇ ಫೋನ್ ಮಾಡಿದ್ರು. ನಿಮ್ಮ ವಿಡಿಯೋ ನೋಡಿದ್ರಂತೆ. ನಾಳೆಯಿಂದ ಕೆಲಸಕ್ಕೆ ಬಾ ಅಂದಿದ್ದಾರೆ."

"ಒಳ್ಳೇದಾಯ್ತು." ಅಷ್ಟು ಹೇಳುವುದರಲ್ಲಿ ಕಣ್ಣು ತುಂಬಿತು.

"ಬಾಗಿಲಲ್ಲೇ ಯಜಮಾನರನ್ನ ಕೇಳಿದ್ದೀನಿ. ಐದು ನಿಮಿಷ ಒಳಗೆ ಕೂತ್ಕೊಳ್ಳಿ, ಬಾಗಿಲು ತೆಗೆದೇ ಇರಲಿ ಅಂದ್ರು. ಬನ್ನಿ."

ಒಳಕೋಣೆಯಲ್ಲಿ ಅವನು ತನ್ನ ಜಾಗದಲ್ಲಿ ಕೂತು ಕನ್ನಡಕ ತೆಗೆದು, ಯಂತ್ರದ ಮೇಲೆ ಗದ್ದ ಇಟ್ಟ. ಅವಳು ಯಂತ್ರದ ದೀಪ ಹಚ್ಚಲಿಲ್ಲ.

"ನನ್ನ ಕೈಲಿ ಆಗಲ್ಲ."

"ಆವತ್ತು ಏನು ಕಾಣಿಸ್ತು, ಅದನ್ನ ಹೇಳಿ."

"ಪಾಪೆ ಅಗಲ ಆಯ್ತು. ಅಂಬಿಗನ ಮಾತು ಬಂದಾಗ."

"ಅಂಬಿಗನ ಮಾತು ಬಂದಿತ್ತಾ?" ಅವನು ಮೆಲ್ಲಗೆ ನಕ್ಕ. "ನನಗೆ ಕೇಳಿಸಿದ್ದು ಕೋಟೆ ಮುಳುಗೋವರೆಗೆ. ಆಮೇಲೆ ನೀವು ಮುಂದಕ್ಕೆ ಬಾಗಿದ್ರಿ. ಕಿವಿ ನೋಡಿ ಅಂದಿದ್ರಿ... ನಾನು ಕಿವಿ ಬಿಟ್ಟು ಮುಖ ನೋಡಿದೆ. ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು."

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು.

"ಹಾಗಾದ್ರೆ ಆ ಥಿಯರಿ..."

"ನಿಮ್ಮದೇ. ನಿಮ್ಮ ತಲೆಯಿಂದ ಬಂದದ್ದು. ನನ್ನ ಕಣ್ಣಲ್ಲಿ ಇದ್ದದ್ದು ಬೇರೆ."

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತನ್ನಲ್ಲೇ ಇದ್ದದ್ದಕ್ಕಾಗಿ ಪರರ ಮನೆಗೆ ನುಗ್ಗಿದೆನಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

"ಡಬ್ಬ ಖಾಲಿ ಇದ್ರೂ, ಕದಿಯೋಕೆ ಕೈ ಹಾಕಿದ್ದು ನಿಜ ತಾನೇ?"

"ನಿಜ," ಎಂದ, ಮುಚ್ಚುಮರೆ ಇಲ್ಲದೆ. ಆ ಒಂದು ಮಾತಿಗೆ ಅವಳ ಎದೆ ಹಗುರವಾಯಿತು. ಸಮಾಧಾನಕ್ಕೆಂದು ಸುಳ್ಳು ಹೇಳುವವನಲ್ಲ ಇವನು. ಅಥವಾ... ಅಂಬಿಗನ ಮಾತು ಕೇಳಿಸಲಿಲ್ಲ ಎಂದದ್ದೇ ಸಮಾಧಾನದ ಸುಳ್ಳಾಗಿದ್ದರೆ?

ಅಭ್ಯಾಸಬಲದಿಂದ ಅವಳ ನೋಟ ಅವನ ಕಣ್ಣಿನತ್ತ ಹೊರಳಿತು.

ಅವನು ಕಣ್ಣು ಮುಚ್ಚಿಕೊಂಡ.

"ನೋಡಬೇಡ. ಕೇಳು."

ಮೊದಲ ಬಾರಿಗೆ ಏಕವಚನ. 

"ಈಗ ಹೇಳಿದ್ದು... ನಿಜಾನಾ?"

"ನಿಜ."

"ನನ್ನ ಮೇಲೆ ಇನ್ನೂ ಕೋಪ ಇದೆಯಾ?"

"ಇದೆ. ಸ್ವಲ್ಪ."

"ಮತ್ತೆ... ಇಷ್ಟ?"

"ಅದೂ ಇದೆ. ಅದು ಸ್ವಲ್ಪ ಅಲ್ಲ."

ಮುಚ್ಚಿದ ರೆಪ್ಪೆಗಳನ್ನು ನೋಡುತ್ತ ಅವಳು ಕೂತಳು. ಓದಲು ಅಲ್ಲಿ ಏನೂ ಇರಲಿಲ್ಲ. ಅವನ ಮಾತೊಂದೇ ಇತ್ತು.

"ನಂಬಿದೆ," ಎಂದಳು. "ಕಣ್ಣು ಬಿಡಿ."

"ನಿನ್ನ ಸರದಿ ಮುಗೀಲಿ. ನನಗೆ ಕಣ್ಣು ಓದೋಕೆ ಬರಲ್ಲ. ಬಾಯಿಬಿಟ್ಟು ಹೇಳು."

ಹೇಳಿದಳು. ಸಾವಿರಾರು ಜನರಿಗೆ ಥಿಯರಿ ಹೇಳಿದ ಬಾಯಿ ಆ ಒಂದು ಮಾತಿಗೆ ಎರಡು ಸಲ ತೊದಲಿತು. ಹೊರಗೆ ಯಜಮಾನರು ಬೇಕೆಂದೇ ಜೋರಾಗಿ ಕೆಮ್ಮಿದರು.

ಅವನು ಕಣ್ಣು ಬಿಟ್ಟು, ಅವಳ ಕಿವಿಯ ಕಲ್ಲುಹಕ್ಕಿಯನ್ನು ಬೆರಳ ತುದಿಯಿಂದ ಮುಟ್ಟಿದ.

"ಇಷ್ಟೆಲ್ಲ ಆದ ಮೇಲೆ ನಿನಗೆ ಹೇಳಿದ್ರೆ ತಪ್ಪೇನೂ ಇಲ್ಲ. ಕೊನೇ ಅಧ್ಯಾಯದಲ್ಲಿ ಅಂಬಿಗ..."

ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಹಕ್ಕಿಯ ಜೊತೆ ಅವನ ಬೆರಳೂ ಅವಳ ಅಂಗೈಯೊಳಗೆ ಸಿಕ್ಕಿಕೊಂಡಿತು.

"ಹೇಳಬೇಡಿ. ಎಲ್ಲರ ಹಾಗೆ ನಾನೂ ಕಾಯ್ತೀನಿ."

"ಕಾಯೋಕೆ ಆಗುತ್ತಾ ನಿನ್ನ ಕೈಲಿ?"

"ನೀವು ಜೊತೆಗಿದ್ರೆ ಆಗುತ್ತೆ."