ನೋಡೋಣ ಅಂದವನ ಕ್ಯಾಮೆರಾ

“ತಿರುಗಿಸೋಕೆ ಏನಾದ್ರೂ ಇರೋದು ಕೊಡು ಅಂದ್ರೆ ಬರೀ ಒತ್ತೋದನ್ನೇ ತೋರಿಸ್ತೀಯಲ್ಲ ಮಾರಾಯ್ತಿ!”

ದುರ್ಗಿಗುಡಿಯ ಆ ಕ್ಯಾಮೆರಾ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಡಿಜಿಟಲ್ ಕ್ಯಾಮೆರಾಗಳು ಸಾಲಾಗಿ ಕೂತಿದ್ದವು. ಒಂದೂ ಜಯಕುಮಾರನಿಗೆ ಹಿಡಿಸಿರಲಿಲ್ಲ. ಕೌಂಟರಿನ ಆಚೆ ನಿಂತಿದ್ದ ಸಮತಾ ಬಂದ ನಗುವನ್ನು ಅದುಮಿಕೊಂಡಳು. ಅದು 2006ನೇ ಇಸವಿ. ಸುತ್ತಲಿನ ಫೋಟೋಗ್ರಾಫರುಗಳೆಲ್ಲ ಒಬ್ಬೊಬ್ಬರಾಗಿ ಫಿಲ್ಮ್ ರೋಲಿಗೆ ಕೈಮುಗಿದಾಗಿತ್ತು. ಭದ್ರಾವತಿಯ ಜನ್ನಾಪುರದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಇವನೊಬ್ಬ ಮಾತ್ರ ಇನ್ನೂ ಮೀನಮೇಷ ಎಣಿಸುತ್ತಿದ್ದ.

“ಎಲ್ಲಾ ಇದರೊಳಗೇ ಇದೆ ರೀ. ಮೆನುಗೆ ಹೋಗಿ, ಅಲ್ಲಿ ಸ್ಪೀಡ್ ಅಂತ ಇರುತ್ತೆ...”

“ಧಾರೆ ಎರೀವಾಗ ನಾನು ಮೆನುಗೆ ಹೋಗಿ ಕೂತ್ರೆ, ವಾಪಸ್ ಬರೋ ಹೊತ್ತಿಗೆ ಅವರ ಮಗೂಗೆ ನಾಮಕರಣ ಆಗಿರುತ್ತೆ.”

“ಥೂ, ನಿಮ್ಮ!”

ಅವಳ ಕೆನ್ನೆ ಕೆಂಪಾದದ್ದನ್ನು ಅವನು ನೋಡಿದ. ನೋಡಿಯೂ ನೋಡದವನ ಹಾಗೆ ಲೆನ್ಸ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ನೋಡದವನ ಹಾಗೆ ಇರುವುದರಲ್ಲಿ ಜಯಕುಮಾರನನ್ನು ಮೀರಿಸುವವರು ಯಾರೂ ಇರಲಿಲ್ಲ.

ಕೊನೆಗೆ ಸಮತಾ ಒಳಗಿನ ಬೀರುವಿನಿಂದ ಒಂದು ಪೆಟ್ಟಿಗೆ ತಂದಳು. ಅಂಗಡಿಯ ಯಜಮಾನ ಬಂಗಾರಪ್ಪನವರು ಬೆಂಗಳೂರಿಂದ ತರಿಸಿ, “ಅಜ್ಜನ ಕಾಲದ್ದರ ಥರ ಇದೆ” ಎಂದು ಯಾರೂ ಕೊಳ್ಳದೆ ಉಳಿದದ್ದು. ಕಪ್ಪು ಮೈ. ನೆತ್ತಿಯ ಮೇಲೆ ಸ್ಪೀಡಿನ ಡಯಲ್. ಲೆನ್ಸಿನ ಸುತ್ತ ಬಳೆಯ ಹಾಗೆ, ಬೆಳಕನ್ನು ಹೆಚ್ಚು ಕಮ್ಮಿ ಮಾಡುವ ಅಪರ್ಚರ್ ರಿಂಗ್. ಹಿಂದೆ ಚಿತ್ರ ತೋರಿಸುವ ಪುಟ್ಟ ಸ್ಕ್ರೀನ್ ಇಲ್ಲದಿದ್ದರೆ ಫಿಲ್ಮ್ ಕ್ಯಾಮೆರಾ ಎಂದೇ ಹೇಳಬೇಕಿತ್ತು.

ಅವನು ಡಯಲ್ ತಿರುಗಿಸಿದ. ಟಿಕ್, ಟಿಕ್ ಎಂದಿತು. ಮುಖ ಅರಳಿತು.

“ಇದೇ ಕಣೇ! ನಮ್ಮ ಸ್ಟುಡಿಯೋಗೆ ಇದೇ ಸರಿ.”

ನಮ್ಮ. ನಮ್ಮ ಕಡೆ ಜನ ಬಸ್ಸನ್ನೂ ನಮ್ಮದು ಅನ್ನುತ್ತಾರೆ, ಬಚ್ಚಲನ್ನೂ ನಮ್ಮದು ಅನ್ನುತ್ತಾರೆ. ಅದಕ್ಕೆಲ್ಲ ಅರ್ಥ ಕಟ್ಟುತ್ತಾ ಕೂತರೆ ಮುಗಿಯಿತು. ಇದು ಸಮತಾಗೂ ಗೊತ್ತಿತ್ತು. ಆದರೂ ಆ ಸ್ಟುಡಿಯೋದ ಮೇಜಿನ ಹಿಂದೆ ತಾನು ಕೂತು, ಬಂದವರಿಗೆ ಬಾಚಣಿಗೆ ಕೊಡುತ್ತಿರುವ ಚಿತ್ರವೊಂದು ಅವಳ ಕಣ್ಣಿಗೆ ಕಟ್ಟಿಬಿಟ್ಟಿತು.

“ಹಾಗಾದ್ರೆ ಪ್ಯಾಕ್ ಮಾಡ್ಲಾ?”

“ನೋಡೋಣ,” ಅಂದ.

ಅವನಿಗೆ ಎಲ್ಲದಕ್ಕೂ ಅದೇ ಉತ್ತರ. ಕಾಫಿ ಕುಡೀತೀರಾ ಎಂದರೂ ನೋಡೋಣ, ಮಳೆ ಬರುತ್ತಾ ಎಂದರೂ ನೋಡೋಣ.

ಹಾಗೆಂದು ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲವೇ? ಇತ್ತು. ಅದಕ್ಕೆ ಸಮತಾಳ ಹತ್ತಿರ ಸಾಕ್ಷಿಯೇ ಇತ್ತು. ಅವಳ ಅಮ್ಮ ಸರಸ್ವತಿಗೆ ಜಯಕುಮಾರ್ ಎಂದರೆ ಬಹಳ ನಂಬಿಕೆ. ಮಗಳ ಫೋಟೋವನ್ನು ಗಂಡಿನ ಕಡೆಯವರಿಗೆ ಕಳಿಸಬೇಕಾದಾಗಲೆಲ್ಲ ಅವನನ್ನೇ ಕರೆಸುತ್ತಿದ್ದರು. ಮೊದಲ ಸಲದ ರೋಲ್ ಅಂಗಡಿಯ ಲ್ಯಾಬಿಗೆ ಬಂದಾಗ ನೆಗೆಟಿವ್ ಪೂರ್ತಿ ಕಪ್ಪು. ಕ್ಯಾಮೆರಾದ ಬೆನ್ನು ತೆಗೆದು ಫಿಲ್ಮಿಗೆ ಬೆಳಕು ತೋರಿಸಿದರೆ ಮಾತ್ರ ಹಾಗಾಗುತ್ತದೆ. ಎರಡನೇ ಸಲ ಫ್ಲ್ಯಾಶ್ ಹಾಕಿ ಸ್ಪೀಡನ್ನು ಐನೂರಕ್ಕೆ ಇಟ್ಟಿದ್ದ. ಅರವತ್ತಕ್ಕೆ ಇಡಬೇಕಾದ್ದನ್ನು ಐನೂರಕ್ಕೆ ಇಟ್ಟರೆ ಚಿತ್ರದ ಅರ್ಧಭಾಗ ಕಪ್ಪಾಗುತ್ತದೆ. ಸಮತಾಗೆ ಅರ್ಧ ಮುಖವೇ ಇರಲಿಲ್ಲ. ಊರತುಂಬ ಮದುವೆ ಫೋಟೋ ತೆಗೆದವನು ಮಾಡುವ ತಪ್ಪೇ ಇದು? ಅವಳು ಆ ಪ್ರಿಂಟನ್ನು ಎದೆಗೊತ್ತಿಕೊಂಡು ಲ್ಯಾಬಿನ ಕತ್ತಲಲ್ಲಿ ಒಬ್ಬಳೇ ನಕ್ಕಿದ್ದಳು. ಮನೆಗೆ ಹೋಗಿ, “ಯಂತ್ರ ಕೆಟ್ಟಿತ್ತಂತೆ ಅಮ್ಮ,” ಎಂದು ಸುಳ್ಳನ್ನೂ ಹೇಳಿದ್ದಳು.

ಎರಡು ಸಂಬಂಧಗಳು ಹಾಗೆ ತಪ್ಪಿಹೋದವು.

“ಒಂದಿನ ಹೊಡೆದು ನೋಡಪ್ಪ, ಆಮೇಲೆ ತಗೋ,” ಎಂದು ಬಂಗಾರಪ್ಪನವರು ಕ್ಯಾಮೆರಾವನ್ನು ಅವನ ಕೈಗಿಟ್ಟರು. “ಜೊತೆಗೆ ನೀನೂ ಹೋಗಮ್ಮ. ಲೆನ್ಸ್ ಗಿನ್ಸ್ ನೀರಿಗೆ ಹಾಕ್ಕೊಂಡಾನು.”

ಭಾನುವಾರ ಬೆಳಿಗ್ಗೆ ಅವನ ಬೈಕಿನಲ್ಲಿ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದರು. ತುಂಗೆಯ ನೀರಲ್ಲಿ ಆನೆಗಳು ಮಗ್ಗುಲಾಗಿ ಮಲಗಿದ್ದವು. ಮಾವುತರು ಬೆನ್ನು ಉಜ್ಜುತ್ತಿದ್ದರು. ಜಯಕುಮಾರ್ ರಿಂಗ್ ತಿರುಗಿಸಿ, ಡಯಲ್ ತಿರುಗಿಸಿ, ಕ್ಯಾಮೆರಾ ಎತ್ತಿದ.

“ಆನೆ ಆ ಕಡೆ ಇದೆ ಮಾರಾಯ್ರೆ.”

“ಗೊತ್ತು. ಬೆಳಕು ಈ ಕಡೆ ಇದೆ.”

ಅವಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹಾರುತ್ತಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸುವಷ್ಟರಲ್ಲಿ ಕ್ಲಿಕ್ ಎಂದಿತು. ಸ್ಕ್ರೀನ್ ನೋಡಲು ಇಬ್ಬರ ತಲೆಗಳೂ ಹತ್ತಿರ ಬಂದವು. ಅವನ ಅಂಗಿಯ ಇಸ್ತ್ರಿಯ ವಾಸನೆ ಅವಳಿಗೆ ಬಂತು.

“ನಾನು ಇಷ್ಟು ಚೆನ್ನಾಗಿದೀನಾ?”

“ಕ್ಯಾಮೆರಾ ಚೆನ್ನಾಗಿದೆ.”

ಅವಳು ಅವನ ತೋಳಿಗೆ ಒಂದೇಟು ಕೊಟ್ಟಳು. ಅವನು ಆ ಕೈಯನ್ನು ಹಿಡಿದ. ಬಿಡಲಿಲ್ಲ. ಇನ್ನು ಕೇಳದಿದ್ದರೆ ಯಾವಾಗ ಕೇಳುವುದೆಂದು ಸಮತಾ ಧೈರ್ಯ ಮಾಡಿದಳು.

“ದಾವಣಗೆರೆ ಕಡೆಯಿಂದ ಒಂದು ಸಂಬಂಧ ಬಂದಿದೆ. ಅಮ್ಮ ಮತ್ತೆ ಫೋಟೋಗೆ ನಿಮ್ಮನ್ನ ಕರೀತಾರೆ. ನೀವೇನಂತೀರಿ?”

ಹಿಡಿದ ಕೈ ಸಡಿಲವಾಯಿತು.

“ನಮ್ಮಮ್ಮನ ವಿಷಯ ನಿಂಗೊತ್ತಿಲ್ಲ. ಬೇರೆ ಜಾತಿ ಅಂದ್ರೆ ಊಟ ಬಿಟ್ಟು ಮಲಗಿಬಿಡ್ತಾರೆ. ಸ್ವಲ್ಪ ತಡಿ ಸಮತಾ. ನೋಡೋಣ.”

ಪ್ರೀತಿ ಎಂಬ ಮಾತು ಇನ್ನೂ ಬಾಯಿಗೇ ಬಂದಿರಲಿಲ್ಲ. ಅದರ ತಕರಾರು ಮಾತ್ರ ಮೊದಲೇ ಬಂದಿತ್ತು. ಆದರೂ ಅವಳಿಗೆ ಅಷ್ಟೇ ಸಾಕೆನಿಸಿತು. ಮನೆಗೆ ಬರುವ ದಾರಿಯುದ್ದಕ್ಕೂ ಬೈಕಿನ ಹಿಂದೆ ಕೂತು, ಈ ಸಲದ ಫೋಟೋ ದಿನ ಅವನು ನಮ್ಮಮ್ಮನ ಎದುರು ಮಾತೆತ್ತುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು.

ಅವನು ಕ್ಯಾಮೆರಾ ಕೊಂಡ. ಆ ವಾರವೇ ಹಳೆಯ ಫ್ಲ್ಯಾಶನ್ನು ಅದರ ತಲೆಗೆ ಸಿಕ್ಕಿಸಿಕೊಂಡು ದುರ್ಗಿಗುಡಿಯಲ್ಲೇ ಇದ್ದ ಸಮತಾಳ ಮನೆಗೆ ಬಂದ.

“ಈ ಸಲನಾದ್ರೂ ಸರಿಯಾಗಿ ಬರ್ಲಪ್ಪ,” ಎಂದರು ಸರಸ್ವತಿ. “ನಮ್ಮ ಮನೆ ಹುಡುಗ ಅಂತ ನಿನ್ನೇ ಕರೆಸಿದೀನಿ. ಡಿಜಿಟಲ್ ಆದ್ರೆ ಅಲ್ಲೇ ನೋಡ್ಬಹುದಂತಲ್ಲ?”

ಸಮತಾ ಹಸಿರು ರೇಷ್ಮೆ ಸೀರೆ ಉಟ್ಟು, ಬಿಳಿ ಗೋಡೆಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಳು. ಅವನು ಕ್ಯಾಮೆರಾ ಎತ್ತಿದ. ಅವಳ ಕಣ್ಣು ಅವನ ಹೆಬ್ಬೆರಳಿನ ಮೇಲೇ ಇತ್ತು. ಡಯಲ್ ಟಿಕ್, ಟಿಕ್ ಎಂದು ಸರಿದು ನಿಂತಿತು. ಆ ಡಯಲನ್ನು ಅವಳೇ ತಾನೇ ಅವನಿಗೆ ಆರಿಸಿಕೊಟ್ಟದ್ದು? ಸದ್ದು ಎಣಿಸಿದ ಅವಳಿಗೆ ಕೂತಲ್ಲಿಂದಲೇ ಅಂಕಿ ತಿಳಿಯಿತು.

ಐನೂರು.

ಹಿಂದಿನ ಸಲ ಆಗಿದ್ದರೆ ಅವಳಿಗೆ ನಗು ಬರುತ್ತಿತ್ತು. ಈಗ ಬರಲಿಲ್ಲ. ಅರ್ಧ ಕಪ್ಪಾದ ಚಿತ್ರ ಬರುತ್ತದೆ. ಅಮ್ಮ ಸ್ಕ್ರೀನ್ ನೋಡಿ ಗೊಣಗುತ್ತಾಳೆ. ಇವನು ಯಂತ್ರ ಹೊಸದು ಅನ್ನುತ್ತಾನೆ. ಇನ್ನೊಂದು ಸಂಬಂಧ ಬರುತ್ತದೆ, ಇನ್ನೊಂದು ಫೋಟೋ ಕೆಡುತ್ತದೆ. ಬಂದವರನ್ನು ತಪ್ಪಿಸುವ ಬುದ್ಧಿ ಇವನಿಗಿದೆ, ತಾನು ಬಂದು ಕೇಳುವ ಎದೆಯಿಲ್ಲ.

“ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳಿ,” ಎಂದಳು. ಅಮ್ಮ ಪಕ್ಕದಲ್ಲೇ ಇದ್ದರು. ಇದಕ್ಕಿಂತ ಬಿಡಿಸಿ ಹೇಳಲು ಯಾವ ಹುಡುಗಿಗೆ ಆಗುತ್ತದೆ?

ಜಯಕುಮಾರ್ ಕ್ಯಾಮೆರಾ ಇಳಿಸಿದ. ಅವಳನ್ನು ನೋಡಿದ, ಸರಸ್ವತಿಯನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

“ಗದ್ದ ಸ್ವಲ್ಪ ಕೆಳಗೆ,” ಅಂದ.

ಸಮತಾ ಎದ್ದಳು. ನೆರಿಗೆ ಹಿಡಿದುಕೊಂಡು ಅವನ ಹತ್ತಿರ ಹೋದಳು. ಅವನ ಕೈಯಲ್ಲಿದ್ದ ಕ್ಯಾಮೆರಾದ ಡಯಲನ್ನು ತಾನೇ ತಿರುಗಿಸಿ ಅರವತ್ತಕ್ಕೆ ತಂದಳು. ಅವನ ಬೆರಳು ಅವಳ ಬೆರಳಿಗೆ ತಗುಲಿತು, ತಡೆಯಲಿಲ್ಲ.

ವಾಪಸ್ ಬಂದು ಕೂತಳು. ಗದ್ದ ಸ್ವಲ್ಪ ಕೆಳಗಿಟ್ಟಳು.

“ಈಗ ತೆಗೀರಿ.”

ಫ್ಲ್ಯಾಶ್ ಬೆಳಗಿತು. ಸ್ಕ್ರೀನ್ ನೋಡಿದ ಸರಸ್ವತಿ, “ಅಯ್ಯೋ, ನನ್ನ ದೃಷ್ಟಿಯೇ ತಾಗುತ್ತೆ!” ಎಂದು ನೆಟಿಕೆ ಮುರಿದರು. ಕಣ್ಣಿನಲ್ಲಿ ಎಂಥ ಹೊಳಪು ಎಂದರು. ಅದು ನೀರು ಎಂದು ತಿಳಿದವರು ಆ ಮನೆಯಲ್ಲಿ ಇಬ್ಬರೇ.

ದಾವಣಗೆರೆಯವರು ಫೋಟೋ ನೋಡಿಯೇ ಅರ್ಧ ಒಪ್ಪಿಕೊಂಡರು. ಬಂದು ನೋಡಿ ಪೂರ್ತಿ ಒಪ್ಪಿದರು. ಹುಡುಗ ಶಾಲೆ ಮಾಸ್ತರ, ಮಾತು ನೇರ. “ನಿಮಗೆ ಇಷ್ಟ ಇದ್ರೆ ಮಾತ್ರ,” ಎಂದು ಅವಳನ್ನೇ ಕೇಳಿದ. ಇಷ್ಟವೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳಿದನಲ್ಲ, ಅಷ್ಟಕ್ಕೇ ಹೂಂ ಅಂದಳು.

ನಿಶ್ಚಿತಾರ್ಥದ ದಿನ ಗೊತ್ತಾದ ಮೇಲೆ ಜಯಕುಮಾರ್ ಅಂಗಡಿಗೆ ಬಂದ. ಗಡ್ಡ ಬಿಟ್ಟಿದ್ದ. ಕ್ಯಾಮೆರಾ ಕೊರಳಲ್ಲೇ ಇತ್ತು.

“ನಂಗೆ ನೀನಂದ್ರೆ ಪ್ರಾಣ ಸಮತಾ,” ಅಂದ.

ಈ ಒಂದು ಮಾತಿಗಾಗಿ ಅವಳು ಎಷ್ಟು ಕಾದಿದ್ದಳೋ. ಈಗ ಅದು ಬಂದಾಗ ಕೌಂಟರಿನ ಗಾಜನ್ನು ಒರೆಸುತ್ತಿದ್ದ ಬಟ್ಟೆ ಅವಳ ಕೈಯಲ್ಲೇ ನಿಂತಿತು.

“ಅವರಿಗೆ ಬೇಡ ಅಂದ್ಬಿಡು.”

“ಅಂದ್ಬಿಡ್ತೀನಿ. ನಾಳೆ ನಿಮ್ಮಮ್ಮನ್ನ ಕರ್ಕೊಂಡು ನಮ್ಮನೆಗೆ ಬರ್ತೀರಾ?”

ಅವನ ಹೆಬ್ಬೆರಳು ಡಯಲಿನ ಮೇಲೆ ಹೋಯಿತು. ಟಿಕ್, ಟಿಕ್. ಯಾವ ಮಾತು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬೇರೆ ಏನಾದರೂ ಬಂದೀತೆಂದು ಆದರೂ ಕಾದಳು. ಕಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

“ನೋಡೋಣ,” ಅಂದ.

ಸಮತಾ ಬಟ್ಟೆಯನ್ನು ಮಡಚಿಟ್ಟಳು.

“ನಮ್ಮ ಮದುವೇಲಿ...” ಎಂದಳು.

ಅವನ ಮುಖ ಅರಳಿತು. ಆ ಎರಡು ಮಾತು ಕೇಳಿ ಅವನೂ ಮೋಸಹೋದ.

“...ಫೋಟೋ ನೀವೇ ತೆಗೀಬೇಕು. ಅರವತ್ತಕ್ಕೆ ಇಡಿ. ಮರೀಬೇಡಿ.”