ಪ್ಲೇಟು ಒರೆಸುವ ಔಷಧಿ

ಬಾವಿ ತೋಡಿದ್ದು ಇಬ್ಬರು, ಕಾಗದದಲ್ಲಿದ್ದದ್ದು ಒಬ್ಬನ ಹೆಸರು. ಬ್ಯಾಟರಾಯನಪುರದ ಆ ಎರಡೆಕರೆ ನೋಂದಣಿಯಾದ ದಿನ ಆಂಜಿನಪ್ಪ ಚಳಿಜ್ವರದಲ್ಲಿ ಮಲಗಿದ್ದ. ಅಣ್ಣ ಲಕ್ಕಣ್ಣ ಒಬ್ಬನೇ ಹೋಗಿಬಂದ. ಒಂಬತ್ತು ವರ್ಷ ಇಬ್ಬರೂ ಆ ವಿಷಯ ಎತ್ತಲಿಲ್ಲ. ಕೊನೆಯ ಎರಡು ವರ್ಷ ಅವರ ನಡುವೆ ಮಾತೇ ಇರಲಿಲ್ಲ. 1958ರ ಬೇಸಿಗೆಯಲ್ಲಿ ಲಕ್ಕಣ್ಣ ತೀರಿಕೊಂಡ.

ತಿಥಿ ಮುಗಿದ ಮೇಲೆ ಅತ್ತಿಗೆ ಕೃಷ್ಣಮ್ಮ ಹೇಳಿದಳು: "ಜಮೀನಿನ್ ಇಚಾರ ನಿಮ್ಮಣ್ಣ ಪ್ಲೇಟಲ್ಲಿ ಏಳವ್ರೆ ಆಂಜಿನಪ್ಪ. ಸೋಮ್ವಾರ ದೊಡ್ಡಮುನಿಯಪ್ನೋರ ಮುಂದೆ ಆಕ್ತೀನಿ. ಅವ್ರ ಬಾಯಲ್ಲೇ ಎಲ್ರೂ ಕೇಳ್ಲಿ."

ಲಕ್ಕಣ್ಣ ಕೆಲಸಕ್ಕಿದ್ದದ್ದು ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಅಂಗಡಿಯಲ್ಲಿ. ಅಲ್ಲಿ ಜನ ತಮ್ಮ ದನಿಯನ್ನು ಗ್ರಾಮಫೋನ್ ಪ್ಲೇಟಿಗೆ ಹಿಡಿಸಿಕೊಳ್ಳುತ್ತಿದ್ದರು. ಮಾತು ಬಿಟ್ಟ ಅಣ್ಣ ಏನು ಹೇಳಿರುತ್ತಾನೆಂದು ತಿಳಿಯಲು ಆಂಜಿನಪ್ಪನಿಗೆ ಪ್ಲೇಟು ಕೇಳಬೇಕಿರಲಿಲ್ಲ: ಜಮೀನೆಲ್ಲ ತನ್ನದೇ ಅಂದಿರುತ್ತಾನೆ. ಊರ ಹಿರಿಯ ದೊಡ್ಡಮುನಿಯಪ್ಪ ಆಂಜಿನಪ್ಪ ಬಾವಿಯ ಮಣ್ಣು ಹೊತ್ತದ್ದನ್ನು ಕಣ್ಣಾರೆ ಕಂಡವರು, ಅರ್ಧ ಕೊಡಿಸಿಯೇ ಕೊಡಿಸುತ್ತಾರೆ. ಅಡ್ಡವಿದ್ದದ್ದು ಸತ್ತವನ ದನಿಯೊಂದೇ.

ಕದ್ದರೆ ಕಳ್ಳ ಯಾರೆಂದು ಕೂಸಿಗೂ ಗೊತ್ತಾಗುತ್ತದೆ. ಒಡೆದರೂ ಅಷ್ಟೇ. ಪ್ಲೇಟು ಅತ್ತಿಗೆಯ ಕೈಯಲ್ಲೇ, ಒಳ್ಳೆಯ ಕೆಲಸ ಮಾಡುವಾಗಲೇ ಹಾಳಾಗಬೇಕು.

ಯಶವಂತಪುರದಲ್ಲಿ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವ ಕೆಲಸ ಅವನದು. ಅರಗು ಸ್ಪಿರಿಟ್ಟಿನಲ್ಲಿ ಹೇಗೆ ಕರಗುತ್ತದೆಂದು ದಿನವೂ ನೋಡುತ್ತಿದ್ದ. ಹಾಡಿನ ಪ್ಲೇಟುಗಳೂ ಅರಗಿನವೇ. ಆದರೆ ಅಣ್ಣನದು ತಗಡಿನ ಮೇಲೆ ಕರಿಯ ಲೇಪ ಬಳಿದ ಬೇರೆ ಜಾತಿ. ಪರೀಕ್ಷಿಸದೆ ನಂಬುವವನಲ್ಲ ಆಂಜಿನಪ್ಪ. ಅಂಗಡಿಯವರು ಬಿಸಾಡಿದ್ದ ಅಂಥದೇ ಪ್ಲೇಟೊಂದನ್ನು ತಂದ. ಅಂಟುವಾಳದ ನೀರಿಗೆ ಧೂಳು ಹೋಯಿತು, ದನಿ ಕೊರೆದ ಗೆರೆಗಳು ಉಳಿದವು. ಸೀಮೆಎಣ್ಣೆಗೆ ಜಿಡ್ಡಾಯಿತೇ ಹೊರತು ಮತ್ತೇನಿಲ್ಲ. ಸ್ಪಿರಿಟ್ಟಿಗೆ ಗೆರೆಗಳು ಅಳಿಸಿಹೋಗಿ ಬಟ್ಟೆ ಕಪ್ಪಾಗಿ ಎದ್ದು ಬಂತು. ಬರೀ ಸ್ಪಿರಿಟ್ ಆದರೆ ಮೊದಲ ಒರೆತಕ್ಕೇ ಬಟ್ಟೆಯ ಕಪ್ಪು ಕಂಡು ಅತ್ತಿಗೆ ಕೈ ತೆಗೆದುಬಿಟ್ಟಾಳು. ಸ್ವಲ್ಪ ನೀರು ಬೆರೆಸಿದ, ವಾಸನೆ ಮರೆಸಲು ಪನ್ನೀರು ಹಾಕಿದ. ಒರಟು ಬಟ್ಟೆ ಗೀರು ಬೀಳಿಸಿ ಅನುಮಾನ ತರುತ್ತದೆ, ಹಾಗಾಗಿ ಮೆತ್ತನೆಯ ಮಖಮಲ್ಲಿನ ತುಂಡೊಂದನ್ನು ಆರಿಸಿದ.

"ಪ್ಲೇಟ್ ಒರ್ಸೋ ಔಸ್ದಿ, ಅಂಗ್ಡಿಯೋರೇ ಕೊಟ್ರು ಅತ್ಗೆ," ಅಂದ, ಸೀಸೆ ಮುಂದಿಟ್ಟು. "ಧೂಳಿದ್ರೆ ಅಣ್ಣನ್ ಮಾತು ಗೊರಗೊರ ಅಂತದೆ. ಚೆಂದಾಗ್ ನೆನೆಸಿ, ಗೆರೆ ಇಡ್ಕೊಂಡು ಸುತ್ತಾ ಒರ್ಸು."

"ಸದ್ಯ, ನೀನಾದ್ರೂ ಗ್ಯಾನ ಇಟ್ಕಂಡ್ಯಲ್ಲಪ್ಪ," ಅಂದಳು ಕೃಷ್ಣಮ್ಮ. ಅವಳ ಕಣ್ಣು ತುಂಬಿತ್ತು. ಅವನು ಮುಖ ತಿರುಗಿಸಲಿಲ್ಲ.

ಸೋಮವಾರ ಜಗಲಿಯ ಮೇಲೆ ದೊಡ್ಡಮುನಿಯಪ್ಪ ಕೂತಿದ್ದರು. ಪಕ್ಕದಲ್ಲಿ ಕೃಷ್ಣಮ್ಮನ ಅಣ್ಣ ಮುನಿಕೃಷ್ಣಪ್ಪ, ಜಮೀನಿನ ಕಾಗದದ ಕಟ್ಟು ಹಿಡಿದು. ಗ್ರಾಮಫೋನ್ ಪೆಟ್ಟಿಗೆಯ ಮುಳ್ಳು ಪ್ಲೇಟಿನ ಮೇಲೆ ಕೂತಿತು. ಹುರಿದ ಹಾಗೆ ಸದ್ದು ಬಂತು, ಮಾತು ಬರಲಿಲ್ಲ. ಎರಡನೆಯ ಸಲವೂ ಅಷ್ಟೇ. ಕೃಷ್ಣಮ್ಮ ಪೆಟ್ಟಿಗೆಯ ಮುಂದೆ ಕುಸಿದು ಕೂತಳು. "ನಾನೇ ಒರೆಸ್ದೆ," ಅಂದಳು, "ನನ್ ಕೈಯಾರೆ."

"ಏನಿತ್ತಮ್ಮ ಅದ್ರಾಗೆ? ನೀನ್ ಕೇಳಿದ್ಯಲ್ಲ?" ಎಂದರು ದೊಡ್ಡಮುನಿಯಪ್ಪ.

ಈ ಗಳಿಗೆಗೆಂದೇ ಆಂಜಿನಪ್ಪ ಮಾತು ಸಿದ್ಧಮಾಡಿಕೊಂಡಿದ್ದ. "ದೊಡ್ಡೋರೇ, ಪ್ಲೇಟೇ ಕೆಟ್ಮೇಲೆ ಬಾಯ್ಮಾತು ಲೆಕ್ಕಕ್ಕಿಲ್ಲ. ಯಾರೇನ್ ಬೇಕಾದ್ರೂ ಏಳ್ಬೋದು."

ಹಿರಿಯರು ತಲೆದೂಗಿದರು. ಅವನ ಎದೆ ಹಗುರಾಯಿತು.

ಕೃಷ್ಣಮ್ಮ ಅವನನ್ನೇ ನೋಡಿದಳು. "ಬಾವಿ ಜಮೀನ್ನಾಗೆ ಅರ್ಧ ಆಂಜಿನಪ್ಪಂದು ಅಂತ ಏಳಿದ್ರು. ಒಬ್ನೇ ರಿಜಿಸ್ಟ್ರಿಗೆ ಓಗಿದ್ದು ತಪ್ಪಾಯ್ತು ಅಂತ ಅತ್ರು. ನಾನ್ ಏಳಿದ್ರೆ ನಮ್ಮಣ್ಣ ಒಪ್ಪಲ್ಲ ಅಂತಾನೇ ಎಲ್ರುನ್ನೂ ಕರೆಸ್ದೆ." ಮುನಿಕೃಷ್ಣಪ್ಪ ಕಾಗದದ ಕಟ್ಟಿಗೆ ಮತ್ತೆ ದಾರ ಸುತ್ತತೊಡಗಿದ. "ನೀನ್ ಸುಮ್ಕಿರಮ್ಮ," ಎಂದ ತಂಗಿಗೆ, "ಬಾಯ್ಮಾತು ಲೆಕ್ಕಕ್ಕಿಲ್ಲ ಅಂತ ಅವ್ನೇ ಅಂದ."